ಈ ವಿಮಾನದ ಗನ್ ಎಲ್ಲಿ ಹೋಯ್ತು?

ನನ್ನ ಮೇಜಿನ ಮೇಲೆ ಎರಡು ಬಾಲದ ಪುಟ್ಟ ವಿಮಾನ ಒಂದಿದೆ, ಪ್ಲಾಸ್ಟಿಕ್ ಕಿಟ್ ತಂದು ನಾನೇ ಅಂಟಿಸಿದ್ದು. ಹೆಸರು ಲೈಟ್ನಿಂಗ್, ಎರಡನೇ ಮಹಾಯುದ್ಧದ ಅಮೆರಿಕನ್ ವಿಮಾನ. ವಿಮಾನಗಳ ಬಗ್ಗೆ ಗೊತ್ತಿರುವವರು ಮನೆಗೆ ಬಂದರೆ ಅದನ್ನು ಎತ್ತಿ ನೋಡಿ ಕೇಳುವುದು ಒಂದೇ ಪ್ರಶ್ನೆ: ಇದು ಫೈಟರ್ ಅಲ್ವಾ, ಮೂತಿಯಲ್ಲಿರೋ ಗನ್ ಮುರಿದುಹೋಯ್ತಾ?

ಮುರಿದಿಲ್ಲ. ಇದಕ್ಕೆ ಗನ್ನೇ ಇರಲಿಲ್ಲ. ಮಾಮೂಲಿ ಲೈಟ್ನಿಂಗ್‌ಗೆ ನಾಲ್ಕು ಮೆಷಿನ್ ಗನ್, ಒಂದು 20 ಎಂಎಂ ಕ್ಯಾನನ್ ಇರುತ್ತಿದ್ದವು. ಎಫ್-5 ಅನ್ನುವ ಈ ಮಾದರಿಯಲ್ಲಿ ಅವನ್ನೆಲ್ಲ ತೆಗೆದು ಕ್ಯಾಮೆರಾ ಕೂರಿಸಿದ್ದರು. ಶತ್ರು ಬೆನ್ನು ಹತ್ತಿದರೆ ಓಡಬೇಕು, ಅಷ್ಟೇ.

'ದಿ ಲಿಟಲ್ ಪ್ರಿನ್ಸ್' ಪುಸ್ತಕ ಬರೆದ ಫ್ರೆಂಚ್ ಲೇಖಕ ಆಂಟ್ವಾನ್ ದ ಸೇಂಟ್-ಎಕ್ಸುಪೆರಿ ಕೊನೆಯ ಸಲ ಹಾರಿದ್ದು ಇಂಥದ್ದರಲ್ಲೇ. 1944ರ ಜುಲೈ 31ರ ಬೆಳಿಗ್ಗೆ, ಕಾರ್ಸಿಕಾ ದ್ವೀಪದ ಬೋರ್ಗೋದಿಂದ, ಒಬ್ಬನೇ. ಎರಡು ವಾರದಲ್ಲಿ ಮಿತ್ರಪಡೆಗಳು ದಕ್ಷಿಣ ಫ್ರಾನ್ಸಿನಲ್ಲಿ ಇಳಿಯುವುದಿತ್ತು, ಅದಕ್ಕೆ ಫೋಟೋ ಬೇಕಿತ್ತು. ಆತನಿಗೆ ಆಗ 44 ವರ್ಷ. ವಯಸ್ಸಿನ ಮಿತಿ ಯಾವತ್ತೋ ದಾಟಿದ್ದರೂ ಕಾಡಿ ಬೇಡಿ ಅನುಮತಿ ಗಿಟ್ಟಿಸಿಕೊಂಡಿದ್ದ. ಹಳೆಯ ಅಪಘಾತಗಳಿಂದ ಮೈ ಎಷ್ಟು ಜಜ್ಜಿಹೋಗಿತ್ತೆಂದರೆ ಹಾರಾಟದ ಉಡುಪು ತೊಡಿಸೋಕೂ ಇನ್ನೊಬ್ಬರು ಬೇಕಿತ್ತು, ಕತ್ತು ಸರಿಯಾಗಿ ತಿರುಗುತ್ತಿರಲಿಲ್ಲ. ಗನ್ ಇಲ್ಲದ ವಿಮಾನದಲ್ಲಿ ಹಿಂದೆ ಯಾರು ಬರ್ತಿದ್ದಾರೆ ಅಂತ ನೋಡೋಕಾದರೂ ಕತ್ತು ಬೇಡ್ವಾ? ಕಳಿಸಬಾರದಿತ್ತು ಅಂತಲೇ ನನ್ನ ಅನಿಸಿಕೆ.

ಇಂಧನ ಮುಗಿಯುವ ಹೊತ್ತು ದಾಟಿತು. ವಿಮಾನ ಬರಲಿಲ್ಲ.

ಆಮೇಲೆ 54 ವರ್ಷ ಏನೂ ಇಲ್ಲ. 1998ರಲ್ಲಿ ದಕ್ಷಿಣ ಫ್ರಾನ್ಸಿನ ಮಾರ್ಸೇಲ್ ಹತ್ತಿರದ ಸಮುದ್ರದಲ್ಲಿ ಒಬ್ಬ ಮೀನುಗಾರನ ಬಲೆಗೆ ಬೆಳ್ಳಿಯ ಕೈಸರಪಳಿ ಸಿಕ್ಕಿತು. ಅದರ ಮೇಲೆ ಸೇಂಟ್-ಎಕ್ಸುಪೆರಿಯ ಹೆಸರು, ಆತನ ಹೆಂಡತಿ ಕಾನ್ಸುಯೆಲೊ ಹೆಸರು, ನ್ಯೂಯಾರ್ಕಿನ ಪ್ರಕಾಶಕರ ವಿಳಾಸ. ಸುಳ್ಳು ಅಂದವರೇ ಜಾಸ್ತಿ. 2000ದಲ್ಲಿ ಅದೇ ಸುತ್ತಮುತ್ತ ಮುಳುಗುಗಾರನೊಬ್ಬ ವಿಮಾನದ ಅವಶೇಷ ಕಂಡ. 2003ರಲ್ಲಿ ಕೆಲವು ತುಂಡು ಮೇಲೆತ್ತಿದರು, ಒಂದರ ಮೇಲೆ 2734 ಅಂತ ಕಾರ್ಖಾನೆಯ ನಂಬರ್ ಇತ್ತು. ಅದು ಸೇಂಟ್-ಎಕ್ಸುಪೆರಿಯದೇ ವಿಮಾನದ್ದು.

ಹಾಗಾದ್ರೆ ಹೊಡೆದವರು ಯಾರು ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತೆ. 2008ರಲ್ಲಿ ಜರ್ಮನಿಯ ಮುದುಕ ಪೈಲಟ್ ಒಬ್ಬರು ನಾನೇ ಅಂದರು. ನನಗೆ ನಂಬಿಕೆ ಬಂದಿಲ್ಲ. ಅದಕ್ಕೆ ಅಂದಿನ ದಾಖಲೆಯ ಬೆಂಬಲವಿಲ್ಲ, ಮೇಲೆತ್ತಿದ ತುಂಡುಗಳಲ್ಲಿ ಗುಂಡಿನ ತೂತೂ ಇಲ್ಲ. ಹಾಗಂತ ಹೊಡೆದೇ ಇಲ್ಲ ಅನ್ನೋಕೂ ಆಗಲ್ಲ, ಸಿಕ್ಕಿದ್ದು ವಿಮಾನದ ಸ್ವಲ್ಪ ಭಾಗ ಮಾತ್ರ. ಆಕ್ಸಿಜನ್ ಕೈಕೊಟ್ಟಿರಬಹುದು, ಇಂಜಿನ್ ಕೆಟ್ಟಿರಬಹುದು.

ಅಂದಹಾಗೆ, ನನ್ನ ವಿಮಾನದ ಮೂತಿ ತಿರುಗಿಸಿ ನೋಡಿದರೆ ಕ್ಯಾಮೆರಾದ ಪುಟಾಣಿ ಕಿಟಕಿಗಳು ಕಾಣುತ್ತವೆ. ಒಂದು ಮಬ್ಬಾಗಿದೆ. ಅಂಟು ಜಾಸ್ತಿ ಹಾಕಿಬಿಟ್ಟೆ.