ಕತ್ತಲಾದ್ರ ತಾನ ಹತ್ತೂ ಲೈಟು

ವಿಜಯಪುರದಾಗ ನಮ್ಮ ಮನಿ ಹೊರಗ ನಾಕು ಲೈಟ್ ಅದಾವು, ಗೇಟಿಗೆ ಎರಡು, ಸಂದ್ಯಾಗ ಒಂದು, ಹಿತ್ತಲದಾಗ ಒಂದು. ಹಚ್ಚೂದಕ್ಕ ಎಲ್ಲಾರೂ ಅದಾರ, ಆರಸೂದಕ್ಕ ಯಾರೂ ಇಲ್ಲ. ಮುಂಜಾನೆ ಹಾಲಿನಾಂವ "ಅಕ್ಕಾರ, ಲೈಟ್ ಹಂಗ ಉರಿಯಾಕತ್ತಾವ್ರಿ" ಅಂದಾಗನ ನೆನಪಾಗೂದು. ಗೃಹಜ್ಯೋತಿ ಐತಲ್ಲ ಬಿಡು ಅಂತಾರ ನಮ್ಮನಿಯವ್ರು, ಆದ್ರ ಅದೇನು ಎಲ್ಲಾರಿಗೂ ಪೂರಾ 200 ಯೂನಿಟ್ ಅಲ್ಲ, ನಮ್ಮ ಹಳೇ ಸರಾಸರಿ ಮ್ಯಾಲೆ 10 ಪರ್ಸೆಂಟ್ ಅಷ್ಟ, ದಾಟಿದ್ದಕ್ಕ ಬಿಲ್ ಬರತೈತಿ. 9 ವ್ಯಾಟಿನ ನಾಕು ಬಲ್ಬ್ ದಿನಾ 12 ತಾಸು ಉರದ್ರ ತಿಂಗಳಿಗೆ ಹತ್ರಹತ್ರ 13 ಯೂನಿಟ್.

ಮೊದ್ಲು ತಂದಿದ್ದು ಗಡಿಯಾರದಂಗ ತಿರಗೂ ಟೈಮರ್. ಸುತ್ತಲೂ ಸಣ್ಣ ಸಣ್ಣ ಪಿನ್ನು, ಒಂದೊಂದಕ್ಕ 15 ನಿಮಿಷ, ಒಟ್ಟು 96, ಕೆಳಗ ಒತ್ತಿದಷ್ಟು ಹೊತ್ತು ಲೈಟ್ ಇರತೈತಿ. ನೋಡಾಕ ಮಸ್ತ್, ಆದ್ರ ಒಳಗ ಬ್ಯಾಟರಿ ಇಲ್ಲ, ಕರೆಂಟ್ ಹೋದ್ರ ಅದೂ ನಿಂದರತೈತಿ, ಎರಡು ತಾಸು ಕರೆಂಟ್ ಇಲ್ಲಂದ್ರ ಮರುದಿನ ಲೈಟೂ ಎರಡು ತಾಸು ತಡಾ. ಅದನ್ನ ತಿರುವಿ ಸರಿ ಮಾಡಿದ್ರೂ ಇನ್ನೊಂದು ಕಿರಿಕಿರಿ, ಜೂನಿನಾಗ ನಮ್ಮೂರಾಗ ಹೊತ್ತು ಮುಳಗೂದು 7 ಗಂಟೆ ಸುಮಾರಿಗೆ, ನವೆಂಬರ್ ಕಡೀಗೆ 6 ಹೊಡಿಯೂದ್ರೊಳಗ ಮುಳಗಿರತೈತಿ. ದೀಪ ಹಚ್ಚೂ ಹೊತ್ತಿಗೆ ಬಾಗಲ ಮುಂದ ಕತ್ತಲಿ ಇದ್ರ ನಮ್ಮತ್ತಿ ಸುಮ್ನ ಕೂಡ್ತಾರೇನು?

ಕಡೀಗೆ ಎಲೆಕ್ಟ್ರಿಷಿಯನ್ ಅಣ್ಣಾರು ಬಂದು ಫೋಟೋಸೆಲ್ ಹಾಕೂಣ್ರಿ ಅಂದ್ರು, ಬೀದಿ ಲೈಟಿಗೆ ಹಾಕ್ತಾರಲ್ಲ ಅಂಥಾದ್ದು, ಬೆಳಕು ಕಡಿಮಿ ಆತಂದ್ರ ತಾನ ಹಚ್ಚತೈತಿ. ಐತವಾರ ಮಧ್ಯಾಹ್ನ ಗೇಟಿನ ಬಲ್ಬಿನ ಕೆಳಗ ಕೂಡಿಸಿ, ಕೈ ಮುಚ್ಚಿ ಹಿಡದ್ರು, ಒಂದೆರಡು ಉಸರು ತಡದು ಟಕ್ ಅಂತ ಹತ್ತಿತು. ಎಲ್ಲಾ ಖುಷಿ, ಚಾ ಕುಡದು ಹೋದ್ರು. ಸಂಜಿ ಆತು ನೋಡ್ರಿ, ಲೈಟ್ ಹತ್ತತೈತಿ, ಆ ಬೆಳಕು ಸೆನ್ಸಾರ್ ಮ್ಯಾಲೇ ಬೀಳತೈತಿ, ಅದು ಬೆಳಗಾತು ಅಂತ ಆರಸತೈತಿ, ಆರಿದ ಕೂಡ್ಲೆ ಕತ್ತಲಿ, ಹೊಳ್ಳಿ ಹಚ್ಚತೈತಿ! ಎದುರು ಮನಿ ಹುಡ್ರು ಓಡಿ ಬಂದು "ಆಂಟಿ, ಗಣಪತಿ ಕುಂಡ್ರಸೀರೇನ್ರಿ?" ಅಂತ ಕೇಳಿದ್ವು. ಅಣ್ಣಾರಿಗೆ ಫೋನ್ ಹಚ್ಚಿದ್ವಿ, ಮರುದಿನ ಬಂದು ಸೆನ್ಸಾರ್ ಕಿತ್ತು ಪ್ಯಾರಾಪೆಟ್ ಆಚಿ ಮಗ್ಗಲಿಗೆ ಬಲ್ಬ್ ಕಾಣದಂಗ ಆಕಾಶದ ಕಡೆ ಮಾರಿ ಮಾಡಿ ಕೂಡಿಸಿದ್ರು, ಅಲ್ಲಿಗೆ ಡಿಸ್ಕೋ ನಿಂತಿತು.

ಸಂದ್ಯಾಗ ಮತ್ತ ಹಿತ್ತಲದಾಗ ಮಂದಿ ಓಡಾಡೂದು ಕಡಿಮಿ, ಅಲ್ಲಿ ರಾತ್ರಿಯೆಲ್ಲಾ ಯಾಕ ಉರೀಬೇಕು ಅಂತ ಮೋಷನ್ ಸೆನ್ಸಾರ್ ಹಾಕ್ಸಿದ್ವಿ, ಯಾರರ ಓಡಾಡಿದ್ರ ಅಷ್ಟ ಲೈಟ್ ಹಚ್ಚೂದು. ಅದರಾಗ ಮೂರು ತಿರುವು ಇರತಾವು: ಎಷ್ಟು ಕತ್ತಲಿ ಆದ್ರ ಹತ್ತಬೇಕು, ಎಷ್ಟು ಹೊತ್ತು ಉರೀಬೇಕು, ಎಷ್ಟು ದೂರದ ತನಕ ನೋಡಬೇಕು. ಅದು ನೋಡೂದು ಮನಷ್ಯಾನ್ನಲ್ಲ, ಸರದಾಡೂ ಬಿಸಿನ್ನ, ಹಿಂಗಾಗಿ ಓಣಿ ಬೆಕ್ಕುಗಳಿಗೆಲ್ಲಾ ಸ್ವಾಗತದ ದೀಪ ಆತು, ದೂರದ ತಿರುವು ಕಡಿಮಿ ಮಾಡಿ ಕಂಪೌಂಡ್ ಗ್ವಾಡಿ ಬಿಟ್ಟು ಮುಖ ತಿರುಗಿಸಿದ ಮ್ಯಾಲೆ ಆ ಹಾವಳಿ ಕಡಿಮಿ ಆತು. ನಮ್ಮೂರ ಬ್ಯಾಸಗ್ಯಾಗ ಇನ್ನೊಂದು ತಮಾಷಿ, ಏಪ್ರಿಲ್-ಮೇದಾಗ ಗ್ವಾಡಿ ರಾತ್ರಿ 9ಕ್ಕೂ ಸುಡತಿರತಾವು, ಮೈ ಬಿಸಿಗೂ ಗ್ವಾಡಿ ಬಿಸಿಗೂ ಫರಕ ಹತ್ತದ ಸೆನ್ಸಾರ್ ತಡಾ ಮಾಡಿ ಎಚ್ಚರಾಗತೈತಿ. ಸೀದಾ ಅದರ ಕಡೆ ನಡದು ಬಂದ್ರ ಲಗೂ ತಿಳಿಯಂಗಿಲ್ಲ, ಅಡ್ಡ ಹಾದ್ರ ತಟ್ನ ಹಿಡೀತೈತಿ, ಅದಕ್ಕ ಸಂದಿ ಕಡೀಗೆ ಅಲ್ಲದ ಮಗ್ಗಲ ಗ್ವಾಡಿಗೆ ಹಾಕ್ಸೂದು ಛಲೋ.

ಅತ್ತಿ ಸಲುವಾಗಿ ಗೇಟಿನ ಲೈಟಿಗೆ ಒಳಗಿಂದ ಒಂದು ಬೇರೆ ಸ್ವಿಚ್ಚೂ ಕೊಡ್ಸೇವಿ, ಮಾಡ ಮುಚ್ಚಲಿ ಬಿಡಲಿ ಅವ್ರಿಗೆ ಬೇಕಾದಾಗ ಹಚ್ಚಬಹುದು. ಹಳೇ ಟೈಮರ್ ಒಗದಿಲ್ಲ, ದೀಪಾವಳ್ಯಾಗ ಸೀರಿಯಲ್ ಸೆಟ್ಟಿಗೆ ಹಾಕ್ತೀವಿ, 11ಕ್ಕ ತಾನ ಆರತಾವು, ನಾವು ಮಕ್ಕೊಂಡಿರ್ತೀವಿ.