ಸನ್‌ಫ್ಲವರ್ ಕೌಂಟಿಯ ನೆಲ ಯಾರದು?

ಅಮೆರಿಕದ ಮಿಸಿಸಿಪಿ ರಾಜ್ಯದ ಸನ್‌ಫ್ಲವರ್ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಮೊದಲು ಮಣ್ಣಿನ ವಿಷಯ ಹೇಳಿಬಿಡುತ್ತೇನೆ, ಅಲ್ಲಿನ ಕಥೆಯೆಲ್ಲ ಹುಟ್ಟಿದ್ದು ಅದರಿಂದಲೇ.

ಮಿಸಿಸಿಪಿ ಮತ್ತು ಯಾಝೂ ನದಿಗಳ ನಡುವೆ ಡೆಲ್ಟಾ ಅನ್ನುವ ದೊಡ್ಡ ಬಯಲು ಇದೆ. ಹೆಸರು ಡೆಲ್ಟಾ ಆದರೂ ಸಮುದ್ರ ಅಲ್ಲಿಂದ ತುಂಬಾ ದೂರ. ಸಾವಿರಾರು ವರ್ಷ ನೆರೆ ಬಂದು ಬಂದು ಹೂಳು ಬಿಟ್ಟುಹೋದ ನೆಲ ಅದು. ಆ ಬಯಲಿನ ಮಧ್ಯೆ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಚಾಚಿಕೊಂಡಿರುವುದೇ ಈ ಕೌಂಟಿ. ಗುಡ್ಡ ಅನ್ನುವುದೇ ಇಲ್ಲ. ಹೊಳೆದಂಡೆಯ ಕಡೆ ಮರಳು ಬೆರೆತ ಹದವಾದ ಮಣ್ಣು, ಸ್ವಲ್ಪ ಒಳಗೆ ಹೋದರೆ ಜಿಗುಟು ಜೇಡಿ. ಈ ಜೇಡಿ ಒದ್ದೆಯಾದರೆ ಕಾಲಿಗೆ ಅಂಟುತ್ತೆ, ಒಣಗಿದರೆ ಕಲ್ಲಾಗುತ್ತೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮೀನಿನ ವಿಷಯಕ್ಕೆ ಬೇಕು.

ಅಲ್ಲಿನ ಮೂಲನಿವಾಸಿಗಳಾದ ಚಾಕ್ಟಾ ಜನರ ಕೈಯಿಂದ ಈ ನೆಲ 1820 ಮತ್ತು 1830ರ ಒಪ್ಪಂದಗಳಲ್ಲಿ ಹೋಯಿತು. 1844ರಲ್ಲಿ ಕೌಂಟಿ ಆಯಿತು. ಆದರೂ ಬಹಳ ಕಾಲ ಇಲ್ಲಿದ್ದದ್ದು ಕಾಡು, ಜೌಗು, ಸೊಳ್ಳೆ. ನದಿಗೆ ಒಡ್ಡು ಕಟ್ಟಿ, ರೈಲು ಹಳಿ ಹಾಕಿದ ಮೇಲೆಯೇ ಹತ್ತಿ ಇಲ್ಲಿ ರಾಜನಾಗಿದ್ದು. ವಿಲ್ ಡಾಕೆರಿ ಎಂಬಾತ 1895ರಲ್ಲಿ ಇಲ್ಲಿ ತನ್ನ ದೊಡ್ಡ ಎಸ್ಟೇಟ್ ಶುರು ಮಾಡಿದ. ಕಪ್ಪು ಜನರ ಬ್ಲೂಸ್ ಸಂಗೀತದ ಹಾಡುಗಾರ ಚಾರ್ಲಿ ಪ್ಯಾಟನ್ ಅಲ್ಲೇ ಬೆಳೆದವನು. ಕೌಂಟಿಯ ಇನ್ನೊಂದು ತುದಿಯಲ್ಲಿ, ಪಾರ್ಚ್‌ಮನ್‌ನಲ್ಲಿ, 1901ರಿಂದ ಸರ್ಕಾರವೇ ಜಮೀನು ಮಾಡಿಕೊಂಡು ಕೈದಿಗಳಿಂದ ಹತ್ತಿ ಬೆಳೆಸಿತು. ಜೈಲು ನಡೆಸಿ ರಾಜ್ಯ ಲಾಭ ಎಣಿಸುತ್ತಿತ್ತು ಅಂದರೆ ಏನು ಹೇಳೋಣ?

ಕಾಡು ಕಡಿದವರು, ಉತ್ತವರು, ಹತ್ತಿ ಬಿಡಿಸಿದವರು ಹೆಚ್ಚಾಗಿ ಕಪ್ಪು ಜನ. ನೆಲ ಮಾತ್ರ ಅವರದಲ್ಲ. ಗುಲಾಮಗಿರಿ ಕಾನೂನಿನಲ್ಲಿ ಹೋಗಿತ್ತು, ಅದರ ಜಾಗಕ್ಕೆ ಪಾಲು ಬೇಸಾಯ ಬಂದಿತ್ತು. ವಸಂತದಲ್ಲಿ ಧಣಿ ಬೀಜ, ಗೊಬ್ಬರ, ಹಿಟ್ಟು ಎಲ್ಲ ಸಾಲದ ಮೇಲೆ ಕೊಡುತ್ತಿದ್ದ, ಅದೂ ಹೆಚ್ಚಾಗಿ ಅವನದೇ ಅಂಗಡಿಯಿಂದ. ವರ್ಷದ ಕೊನೆಗೆ ಲೆಕ್ಕ ಚುಕ್ತಾ. ಲೆಕ್ಕದ ಪುಸ್ತಕ ಧಣಿಯ ಕೈಯಲ್ಲಿ. ಎಷ್ಟು ಹತ್ತಿ ಬಿಡಿಸಿದರೂ ಕೊನೆಗೆ ಒಕ್ಕಲಿನವನೇ ಬಾಕಿ!

ಕಪ್ಪು ಜನರ ಮತದಾನದ ಹಕ್ಕಿಗೆ ಹೋರಾಡಿದ ಫ್ಯಾನಿ ಲೂ ಹೇಮರ್ ಇಂಥದೇ ಮನೆಯಲ್ಲಿ ಬೆಳೆದರು. 20 ಮಕ್ಕಳಲ್ಲಿ ಕೊನೆಯವರು, ಆರು ವರ್ಷಕ್ಕೇ ಹತ್ತಿ ಹೊಲಕ್ಕೆ ಇಳಿದವರು. 1962ರ ಆಗಸ್ಟ್ 31ರಂದು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಕೌಂಟಿ ಕೇಂದ್ರವಾದ ಇಂಡಿಯನೋಲಾಕ್ಕೆ ಬಸ್ಸಿನಲ್ಲಿ ಹೋದರು. ವಾಪಸ್ ಬಂದ ದಿನವೇ ಧಣಿ ಜಮೀನಿನಿಂದ ಹೊರಗೆ ಹಾಕಿದ. 18 ವರ್ಷ ದುಡಿದ ಜಾಗ ಅದು. ಅವರ ಊರು ರೂಲ್‌ವಿಲ್‌ನಿಂದ ಕೆಲವೇ ಮೈಲಿ ದೂರದ ಡಾಡ್ಸ್‌ವಿಲ್‌ನಲ್ಲಿ ಸೆನೆಟರ್ ಜೇಮ್ಸ್ ಈಸ್ಟ್‌ಲ್ಯಾಂಡ್‌ನ ಸಾವಿರಾರು ಎಕರೆ ಎಸ್ಟೇಟ್ ಇತ್ತು. ಕಪ್ಪು ಜನರ ಹಕ್ಕಿನ ಕಾನೂನುಗಳಿಗೆ ಅಡ್ಡ ನಿಂತ ಆತನಿಗೆ, ಹತ್ತಿ ಕಡಿಮೆ ಬೆಳೆಯಿರಿ ಅನ್ನುವ ಯೋಜನೆಯಲ್ಲಿ ಸರ್ಕಾರದಿಂದ ಲಕ್ಷ ಡಾಲರಿಗೂ ಜಾಸ್ತಿ ಹಣ ಸಿಗುತ್ತಿತ್ತು. ಪಕ್ಕದ ಊರಲ್ಲಿ ಮಕ್ಕಳು ಹಸಿದಿದ್ದರು.

ಅಷ್ಟರಲ್ಲಿ ಹತ್ತಿ ಬಿಡಿಸುವ ಯಂತ್ರ, ಕಳೆನಾಶಕ ಎರಡೂ ಬಂದಿದ್ದವು. ಕೈಗಳು ಬೇಡವಾದವು. ಎಷ್ಟೋ ಮನೆಯವರು ರೈಲು ಹತ್ತಿ ಶಿಕಾಗೋ ಕಡೆ ಹೋದರು. 1930ರಲ್ಲಿ 66 ಸಾವಿರ ದಾಟಿದ್ದ ಕೌಂಟಿಯ ಜನಸಂಖ್ಯೆ 2020ಕ್ಕೆ 26 ಸಾವಿರದ ಆಸುಪಾಸಿಗೆ ಬಂದಿದೆ.

ಉಳಿದವರಿಗೆ ಏನು ದಾರಿ? ಹೇಮರ್ ಅವರ ಉತ್ತರ ನನಗೆ ಬಹಳ ಇಷ್ಟ. ವೋಟು ಬಂದರೆ ಸಾಲದು, ಊಟಕ್ಕೆ ಧಣಿಯ ಕೈ ನೋಡುವುದು ತಪ್ಪಬೇಕು ಅಂತ ಅವರು ಕಂಡುಕೊಂಡಿದ್ದರು. ಮೊದಲು ಹಂದಿ ಬ್ಯಾಂಕ್ ಮಾಡಿದರು. ಒಂದು ಮನೆಗೆ ಹೆಣ್ಣು ಹಂದಿ ಕೊಡುವುದು, ಅದು ಮರಿ ಹಾಕಿದಾಗ ಎರಡು ಮರಿ ಬ್ಯಾಂಕಿಗೆ ವಾಪಸ್, ಮಿಕ್ಕಿದ್ದು ಆ ಮನೆಯದು. 1969ರಲ್ಲಿ 40 ಎಕರೆ ಕೊಂಡು ಫ್ರೀಡಂ ಫಾರಂ ಸಹಕಾರ ಸಂಘ ಶುರು ಮಾಡಿದರು, ಆಮೇಲೆ ಇನ್ನೂ 600ಕ್ಕೂ ಜಾಸ್ತಿ ಎಕರೆ ಸೇರಿತು. ಸೊಪ್ಪು, ಬೀನ್ಸ್, ಬಟಾಣಿ ತಿನ್ನಲು. ಹತ್ತಿ, ಸೋಯಾ ಸಾಲದ ಕಂತು ಕಟ್ಟಲು. ನೆರೆ, ಬರ, ಹಣದ ಕೊರತೆ, ಎಲ್ಲ ಸೇರಿ ಎಪ್ಪತ್ತರ ದಶಕದಲ್ಲೇ ಅದು ಮುಚ್ಚಿಹೋಯಿತು. ಅದನ್ನು ಸೋಲು ಅಂತ ಬರೆಯುವವರನ್ನು ನಾನು ಒಪ್ಪುವುದಿಲ್ಲ. ನೂರಾರು ಮನೆಗಳ ಒಲೆ ಉರಿಸಿದ ಕೆಲಸ ಅದು. ಬ್ಯಾಂಕು, ಸಬ್ಸಿಡಿ ಎರಡೂ ಬೆನ್ನಿಗಿದ್ದ ಎಸ್ಟೇಟ್‌ಗಳ ಜೊತೆ ಅದನ್ನು ತೂಗುವುದು ನ್ಯಾಯ ಅಲ್ಲ, ಅಲ್ವಾ?

ಈಗ ಆ ಜೇಡಿಮಣ್ಣಿನ ವಿಷಯ. ನೀರು ಇಂಗದ ನೆಲ ಕೆರೆಗೆ ಹೇಳಿಮಾಡಿಸಿದ್ದು. ಹತ್ತಿಗೆ ಬೆಲೆ ಸಿಗದ ಕಾಲದಲ್ಲಿ ರೈತರು ಅಂಥ ಹೊಲಗಳಲ್ಲಿ ಕೆರೆ ಮಾಡಿ ಕ್ಯಾಟ್‌ಫಿಶ್ ಸಾಕಿದರು. ಮೀನು ಕತ್ತರಿಸಿ ಪ್ಯಾಕ್ ಮಾಡುವ ಕಾರ್ಖಾನೆಗಳೂ ಬಂದವು, ಒಳಗೆ ದುಡಿದವರು ಹೆಚ್ಚಾಗಿ ಕಪ್ಪು ಹೆಂಗಸರು. ಇಡೀ ದಿನ ತಣ್ಣೀರಿನಲ್ಲಿ ಚಾಕು ಹಿಡಿದು ಒಂದೇ ಕೆಲಸ, ಕೈಗಂಟು ಹಿಡಿದುಕೊಳ್ಳುತ್ತಿತ್ತು, ಶೌಚಕ್ಕೆ ಹೋಗಲೂ ನಿಮಿಷ ಲೆಕ್ಕ. 1990ರಲ್ಲಿ ಇಂಡಿಯನೋಲಾದ ಡೆಲ್ಟಾ ಪ್ರೈಡ್ ಕಾರ್ಖಾನೆಯಲ್ಲಿ ಸುಮಾರು ಸಾವಿರ ಜನ ಮೂರು ತಿಂಗಳು ಮುಷ್ಕರ ಮಾಡಿ ಕೂಲಿ ಹೆಚ್ಚಿಸಿಕೊಂಡರು. ಮುಂದೆ ವಿಯೆಟ್ನಾಂನಿಂದ ಅಗ್ಗದ ಮೀನು ಬಂತು, ಮೇವಿನ ಬೆಲೆ ಏರಿತು. ಎಷ್ಟೋ ಕೆರೆಗಳನ್ನು ಒಡೆದು ಮತ್ತೆ ಸೋಯಾ, ಮೆಕ್ಕೆಜೋಳ ಹಾಕಿದ್ದಾರೆ.

ಈಗಿನ ಟ್ರ್ಯಾಕ್ಟರ್‌ಗಳಿಗೆ ಕೆಲವೇ ಜನ ಸಾಕು. ಆ ಕೆಲವು ಕೆಲಸಕ್ಕೂ ಜಗಳ ಇದೆ. 2021ರಲ್ಲಿ ಇಂಡಿಯನೋಲಾ ಹತ್ತಿರದ ಒಂದು ಫಾರಂ ಮೇಲೆ ಸ್ಥಳೀಯ ಕಪ್ಪು ಕಾರ್ಮಿಕರು ಕೇಸು ಹಾಕಿದರು. ದಕ್ಷಿಣ ಆಫ್ರಿಕಾದಿಂದ ವೀಸಾದ ಮೇಲೆ ಕರೆಸಿದ ಬಿಳಿಯರಿಗೆ ತಮಗಿಂತ ಜಾಸ್ತಿ ಕೂಲಿ ಕೊಟ್ಟರು, ಕೆಲಸ ಕಲಿಸಿದ್ದು ಮಾತ್ರ ತಾವು ಅನ್ನುವುದು ಅವರ ದೂರು. ಮರುವರ್ಷ ಅದು ರಾಜಿಯಾಯಿತು.