ರೋಕಮಾದೂರ್: ಬಂಡೆಗೆ ಅಂಟ್ಕೊಂಡಿರೋ ಊರು

ಅಕ್ಕ ಭಾವ ಇರೋದು ಫ್ರಾನ್ಸಿನ ತುಲೂಸ್‌ನಲ್ಲಿ. ಅಮ್ಮನ್ನ ಕರ್ಕೊಂಡು ಹೋದಾಗ ಒಂದು ಶನಿವಾರ ಭಾವ "ಪ್ಯಾರಿಸ್ ಎಲ್ರೂ ನೋಡ್ತಾರೆ, ಬನ್ನಿ ಬೇರೆ ಏನೋ ತೋರಿಸ್ತೀನಿ" ಅಂತ ರೋಕಮಾದೂರ್‌ಗೆ ಕಾರ್ ತೆಗೆದ್ರು, ಉತ್ತರಕ್ಕೆ ಸುಮಾರು ಎರಡು ಗಂಟೆ ದಾರಿ.

ಮೊದಲು ಎದುರುಗಡೆ ದಿಣ್ಣೆ ಮೇಲಿರೋ ಲೋಸ್ಪಿತಲೆ ಅನ್ನೋ ಪುಟ್ಟ ಊರಲ್ಲಿ ನಿಲ್ಸಿದ್ರು. ಅಲ್ಲಿಂದ ನೋಡಿದ್ರೆ ಕೆಳಗೆ ಆಲ್ಜೂ ಕಣಿವೆ, ಆಚೆ ಬದಿ ಕಡಿದಾದ ಸುಣ್ಣಕಲ್ಲಿನ ಬಂಡೆ, ಅದಕ್ಕೆ ಅಂಟ್ಕೊಂಡು ಕೆಳಗೆ ಮನೆಗಳು, ಮನೆ ಮೇಲೆ ಚರ್ಚು, ಚರ್ಚ್ ಮೇಲೆ ಬಂಡೆ, ಬಂಡೆ ಮೇಲೆ ಕೋಟೆ. ಅಮ್ಮ ಕೇಳಿದ ಮೊದಲ ಪ್ರಶ್ನೆ "ಇಲ್ಲಿ ಗ್ಯಾಸ್ ಸಿಲಿಂಡರ್ ಹೆಂಗ್ ತರ್ತಾರೋ?"

ಊರು ಅಂದ್ರೆ ಇರೋದು ಒಂದೇ ಉದ್ದ ಬೀದಿ, ತುಂಬಾ ಅಂಗಡಿ, ಎಲ್ಲಾ ಕಡೆ ಅದೇ ಮ್ಯಾಗ್ನೆಟ್ಟು ಕೀಚೈನು, ಸ್ವಲ್ಪ ಬೇಜಾರಾಯ್ತು. ಊಟಕ್ಕೆ ಬೋರ್ಡ್ ನೋಡಿದ್ರೆ ಬರೀ ಬಾತುಕೋಳಿ. ನಮ್ಮನ್ನ ಕಾಪಾಡಿದ್ದು ಊರಿನ ಹೆಸರಲ್ಲೇ ಇರೋ ಮೇಕೆ ಹಾಲಿನ ಚೀಸು, ನಿಪ್ಪಟ್ಟಿಗಿಂತ ಸ್ವಲ್ಪ ದಪ್ಪ ಬಿಲ್ಲೆ, 35 ಗ್ರಾಂ ಅಷ್ಟೇ. ಬಿಸಿ ಮಾಡಿ ಬ್ರೆಡ್ ಮೇಲಿಟ್ಟು ಜೇನುತುಪ್ಪ, ಅಕ್ರೋಟು ಹಾಕಿ ಕೊಟ್ರು. ಚಾಕು ತಾಗಿಸಿದ್ರೆ ಒಳಗಿಂದ ಕೆನೆ ಥರ ಹರಿಯುತ್ತೆ. ಮೇಕೆ ವಾಸನೆ ಅಂತ ಮೂಗು ಮುರಿದ ಅಮ್ಮ ನನ್ನ ತಟ್ಟೆಯಿಂದಲೂ ಒಂದು ಎತ್ಕೊಂಡ್ರು.

ಬೀದಿಯಿಂದ ಚರ್ಚುಗಳಿಗೆ 216 ಮೆಟ್ಲು. 1166ರಲ್ಲಿ ಇಲ್ಲಿ ಕೆಡದೇ ಇದ್ದ ಒಂದು ಹಳೇ ದೇಹ ಸಿಕ್ಕಿ, ಅದೇ ಸಂತ ಅಮಾದೂರ್ ಅಂತ ನಂಬಿ ಯಾತ್ರಿಕರು ಬರೋಕ್ ಶುರು ಮಾಡಿದ್ರಂತೆ, ಇಂಗ್ಲೆಂಡ್ ರಾಜ ಎರಡನೇ ಹೆನ್ರಿನೂ ಬಂದಿದ್ದ. ಭಕ್ತರು ಈ ಮೆಟ್ಲನ್ನ ಮೊಣಕಾಲಲ್ಲೇ ಹತ್ತುತಿದ್ರು. ಲಿಫ್ಟ್ ಇದೆ ಅಂದ್ರೆ ಅಮ್ಮ ಒಪ್ಪಲಿಲ್ಲ. "ದೇವರ ಹತ್ರ ಲಿಫ್ಟಲ್ಲಿ ಹೋದ್ರೆ ಏನ್ ಪುಣ್ಯ, ಚಾಮುಂಡಿ ಬೆಟ್ಟ ಹತ್ತಿದೋಳು ನಾನು" ಅಂತ ಸೆರಗು ಸಿಗಿಸ್ಕೊಂಡು ಹೊರಟೇ ಬಿಟ್ರು, ಚಾಮುಂಡಿ ಹತ್ತಿದ್ದು ಮೂವತ್ತು ವರ್ಷದ ಹಿಂದೆ ಅನ್ನೋದು ಬೇರೆ ಮಾತು.

ಮೇಲೆ ಒಂದು ಚಿಕ್ಕ ಕತ್ತಲೆ ಗುಡಿ, ಒಳಗೆ ಕಪ್ಪು ಮೇರಿ. ಮರದ ಮೂರ್ತಿ, ಎರಡೂವರೆ ಅಡಿ ಇದ್ರೆ ಹೆಚ್ಚು, ಸಣಕಲು ಮೈ, ಮಡಿಲಲ್ಲಿ ಮಗು. ಚಾವಣಿಯಿಂದ ಪುಟ್ಟ ಪುಟ್ಟ ಹಡಗುಗಳು ನೇತಾಡ್ತಿದ್ವು. ಸಮುದ್ರ ಎಲ್ಲೋ ದೂರ, ಆದ್ರೂ ಬಿರುಗಾಳಿಲಿ ಬದುಕಿ ಬಂದ ನಾವಿಕರ ಹರಕೆ ಅವು. ಯಾವ್ದಾದ್ರೂ ಹಡಗು ಉಳಿದ್ರೆ ಇಲ್ಲಿರೋ ಹಳೇ ಗಂಟೆ ತಾನಾಗೇ ಬಾರಿಸ್ಕೊಳುತ್ತೆ ಅಂತ ನಂಬಿಕೆ. ಅಮ್ಮ ಐದು ನಿಮಿಷ ಮಾತೇ ಆಡ್ಲಿಲ್ಲ, ಆಮೇಲೆ ಮೆಲ್ಲಗೆ "ನಮ್ಮೂರ ಮಾರಮ್ಮನ ಥರಾನೇ ಇದಾಳೆ ಕಣೋ" ಅಂದು ಒಂದು ಕ್ಯಾಂಡಲ್ ಹಚ್ಚಿದ್ರು.

ಹೊರಗೆ ಬಂಡೆಗೆ ಸಿಕ್ಕಿಸಿದ್ದ, ಹಳೇ ಫ್ರೆಂಚ್ ಕಥೆಗಳ ವೀರ ರೋಲಾಂಡನದು ಅಂತ ಹೇಳ್ತಿದ್ದ ಕತ್ತಿ ನೋಡೋಣ ಅಂದ್ರೆ ಅದೇ ಇಲ್ಲ, 2024ರ ಜೂನಲ್ಲಿ ಮಾಯ ಆಯ್ತಂತೆ. ಅಷ್ಟೆತ್ತರಕ್ಕೆ ಯಾವನು ಹತ್ತಿದ್ನೋ!

ಇಳಿಯೋವಾಗ ಅಮ್ಮ ಮೊದಲ ಮೆಟ್ಲಲ್ಲೇ ಮೊಣಕಾಲು ಹಿಡ್ಕೊಂಡು ನಿಂತ್ರು. "ಲಿಫ್ಟ್ ಎಲ್ಲಿದೆ ಅಂದ್ರಿ? ಇಳಿಯೋಕೆ ಪುಣ್ಯ ಇಲ್ವಲ್ಲ, ನಡೀರಿ." ಭಾವ ಆಗ್ಲೇ ಟಿಕೆಟ್ ತಗೊಂಡು ಬಂದಿದ್ರು.